'ಆಶೋಲೋತ್ಲ್' ಎಂಬ ಪ್ರಾಣಿನಾಮದ ವ್ಯುತ್ಪತ್ತಿವಿಚಾರ

೧

ಮೆಕ್ಸಿಕೋ ದೇಶದ ನಡುಕಣಿವೆಯ ಸರೋವರಗಳಲ್ಲಿ, ಅವುಗಳಲ್ಲಿಯೂ ಶೋಚಿಮಿಲ್ಕೊ ಮತ್ತು ಚಾಲ್ಕೊ ಎಂಬ ಎರಡರಲ್ಲಿ, ಬಹುಕಾಲದಿಂದ ವಾಸಿಸುತ್ತ ಬಂದ ಒಂದು ಜಲಚರಕ್ಕೆ ಅಲ್ಲಿಯ ನಾವತ್ಲ್ ಭಾಷೆಯವರು 'ಆಶೋಲೋತ್ಲ್' ಎಂದು ಹೆಸರಿಟ್ಟಿದ್ದಾರೆ. ಗೇಣುದ್ದದ ಮೈ, ನಾಲ್ಕು ಪುಟ್ಟ ಕಾಲುಗಳು, ಚಪ್ಪಟೆಯಾದ ಬಾಲ, ಅಗಲವಾದ ಬಾಯಿ, ತಲೆಯ ಒಂದೊಂದು ಪಕ್ಕದಲ್ಲಿಯೂ ಗರಿಯಂತೆ ಹರಡಿದ ಮೂರು ಮೂರು ಕಿವಿರುಗಳು, ಇವು ಆ ಪ್ರಾಣಿಯ ಲಕ್ಷಣಗಳು. ನೋಡಿದವರಿಗೆ ಅದು ಮೀನೋ ಓತಿಯೋ ಎಂಬ ಸಂದೇಹ ಹುಟ್ಟುವುದು ಸಹಜ. ಪ್ರಾಣಿಶಾಸ್ತ್ರಜ್ಞರು ಅದನ್ನು ಸಾಲಮಾಂಡರ್ ಎಂಬ ಉಭಯಚರಗಳ ವರ್ಗಕ್ಕೆ ಸೇರಿಸಿ ಆಂಬಿಸ್ಟೋಮಾ ಮೆಕ್ಸಿಕಾನುಮ್ ಎಂದು ಕರೆಯುತ್ತಾರೆ.

ಈ ಹೆಸರಿನ ಅರ್ಥವನ್ನು ಹೇಳುವಾಗ ಸಾಮಾನ್ಯವಾಗಿ ಎರಡು ವಿವರಣೆಗಳು ಕೇಳಿಬರುತ್ತವೆ. 'ನೀರಿನ ನಾಯಿ' ಎಂಬುದು ಒಂದು. 'ನೀರಿನ ರಾಕ್ಷಸ' ಎಂಬುದು ಮತ್ತೊಂದು. ಪ್ರಾಣಿಸಂಗ್ರಹಾಲಯಗಳ ಫಲಕಗಳಿಂದ ಹಿಡಿದು ಮಕ್ಕಳ ಪುಸ್ತಕಗಳವರೆಗೆ ಈ ಎರಡು ಅರ್ಥಗಳೇ ಹಬ್ಬಿವೆ. ಇವೆರಡೂ ನಾವತ್ಲಿನ ಪ್ರಯೋಗಕ್ಕೆ ಹೊಂದುವುದಿಲ್ಲವೆಂದೂ, ಅದೇ ಉತ್ತರಪದವುಳ್ಳ ಇತರ ಶಬ್ದಗಳ ಜತೆಯಲ್ಲಿಟ್ಟು ನೋಡಿದರೆ ಹೆಸರಿನ ಅರ್ಥವು ಇದಕ್ಕಿಂತ ಸ್ಪಷ್ಟವಾಗಿಯೂ ಸ್ವಾರಸ್ಯವಾಗಿಯೂ ತೋರುವುದೆಂದೂ ಪ್ರತಿಪಾದಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ಭಾಷೆಯ ವಿಷಯವಾಗಿ ನಾಲ್ಕು ಮಾತು. ನಾವತ್ಲ್ ಮತ್ತು ಅದರ ಒಡಹುಟ್ಟುಗಳಾದ ನುಡಿಗಳು ಯೂಟೋ-ಆಜ್ಟೆಕ್ ಎಂಬ ದೊಡ್ಡ ಭಾಷಾಕುಟುಂಬದ ತೆಂಕಣ ಕವಲು. ಇದೇ ಕುಟುಂಬದ ಹೋಪಿ, ಪಾಯೂಟ್, ಶೋಶೋನಿ ಮೊದಲಾದ ಭಾಷೆಗಳು ಇಂದಿನ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪಶ್ಚಿಮಭಾಗದಲ್ಲಿವೆ. ನಾವತ್ಲಿನ ಹತ್ತಿರದ ಸಂಬಂಧಿಯಾದ ಪಿಪಿಲ್ ನುಡಿಯು ದಕ್ಷಿಣದಲ್ಲಿ ಎಲ್ ಸಾಲ್ವಡೋರ್ ದೇಶದವರೆಗೆ ಸಾಗಿದೆ. ೧೫೨೧ರಲ್ಲಿ ಸ್ಪೇನಿನವರ ಕೈಗೆ ಬಿದ್ದ ಟೆನೋಚ್ಟಿಟ್ಲಾನ್ ಪಟ್ಟಣದ ರಾಜಭಾಷೆ ನಾವತ್ಲೇ ಆಗಿದ್ದಿತು. ಇಂದಿಗೂ ಮೆಕ್ಸಿಕೋವಿನಲ್ಲಿ ಹದಿನಾರು ಲಕ್ಷಕ್ಕೆ ಮಿಕ್ಕ ಜನರು ಅದರ ನಾನಾ ಪ್ರಭೇದಗಳನ್ನು ಆಡುತ್ತಾರೆ.

ಈ ಭಾಷೆಯಲ್ಲಿ ನಾಮಪದವು ತಾನೊಂದೇ ನಿಂತಾಗ ಅದರ ಕೊನೆಯಲ್ಲಿ ಒಂದು ಪ್ರತ್ಯಯವಿರುತ್ತದೆ. ಪ್ರಕೃತಿಯು ಸ್ವರಾಂತವಾದರೆ 'ತ್ಲ್', ವ್ಯಂಜನಾಂತವಾದರೆ 'ತ್ಲಿ', ಲಕಾರಾಂತವಾದರೆ 'ಲಿ', ಕೆಲವೆಡೆ 'ಇನ್' ಎಂದು ಇದಕ್ಕೆ ರೂಪಭೇದಗಳುಂಟು. ಸಮಾಸದಲ್ಲಿ ಪೂರ್ವಪದದ ಈ ಪ್ರತ್ಯಯವು ಲೋಪವಾಗುವುದು ನಿಯಮ. ನಮ್ಮ ಸಮಾಸಗಳಲ್ಲಿ ಪೂರ್ವಪದದ ವಿಭಕ್ತಿಯು ಲೋಪವಾಗುವುದನ್ನು ಬಲ್ಲವರಿಗೆ ಇದು ಹೊಸದೆನಿಸಲಾರದು. 'ತ್ಲ್' ಎಂಬುದನ್ನು ಬರೆಹದಲ್ಲಿ ಎರಡು ವ್ಯಂಜನಗಳಾಗಿ ತೋರಿಸಿದರೂ ಅದು ಉಚ್ಚಾರಣೆಯಲ್ಲಿ ಒಂದೇ ಧ್ವನಿ. ಹಳೆಯ ತಕಾರವು ಅಕಾರದ ಮುಂದೆ ಈ ಧ್ವನಿಯಾಗಿ ಮಾರ್ಪಟ್ಟಿತೆಂದು ಬೆಂಜಮಿನ್ ಲೀ ವೋರ್ಫ್ ಎಂಬ ಪಂಡಿತನು ೧೯೩೭ರಲ್ಲಿ ತೋರಿಸಿಕೊಟ್ಟನು. ಪಿಪಿಲ್ ನುಡಿಯಲ್ಲಿ ಇದರ ಸ್ಥಾನದಲ್ಲಿ ಬರಿಯ ತಕಾರವೇ ಕೇಳಿಬರುತ್ತದೆ.

ಈ ನಿಯಮದಂತೆ 'ಆಶೋಲೋತ್ಲ್' ಎಂಬುದನ್ನು ಬಿಡಿಸಿದರೆ 'ಆತ್ಲ್' ಮತ್ತು 'ಶೋಲೋತ್ಲ್' ಎಂದಾಗುತ್ತದೆ. ಪೂರ್ವಪದದ ವಿಷಯದಲ್ಲಿ ವಿವಾದಕ್ಕೆ ಎಡೆಯಿಲ್ಲ. 'ಆತ್ಲ್' ಎಂದರೆ ನೀರು. ಪಿಪಿಲ್ ನುಡಿಯಲ್ಲಿ ಇದು 'ಆತ್' ಎಂದಿದೆ. ಕುಟುಂಬದ ಬೇರೆ ಭಾಷೆಗಳಲ್ಲಿ ನೀರಿನ ಹೆಸರು ಪಕಾರಾದಿಯಾಗಿರುತ್ತದೆ. ಹೋಪಿಯ 'ಪಾಹು' ಇದಕ್ಕೆ ಉದಾಹರಣೆ. ಪದಾದಿಯ ಹಳೆಯ ಪಕಾರವು ನಾವತ್ಲಿನಲ್ಲಿ ಅಳಿದುಹೋಗುವುದು ಅನೇಕ ಶಬ್ದಗಳಲ್ಲಿ ಕಂಡುಬರುವುದರಿಂದ, 'ಪಾ' ಎಂಬ ಮೂಲದಿಂದ 'ಆ' ಹುಟ್ಟಿತೆಂಬುದು ಸಿದ್ಧವಾಗುತ್ತದೆ. (ಹಳೆಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾದುದನ್ನೂ, ಆ ಹಕಾರವೂ ಕೆಲವರ ಆಡುಮಾತಿನಲ್ಲಿ ಬಿದ್ದುಹೋಗುವುದನ್ನೂ ಇಲ್ಲಿ ನೆನೆಯಬಹುದು.) ಹೀಗೆ ಪೂರ್ವಪದವು ಸಾವಿರಾರು ವರ್ಷಗಳ ಹಿಂದಕ್ಕೆ ಹೋಗುವ ಗಟ್ಟಿಯಾದ ಶಬ್ದ. ಕಷ್ಟವಿರುವುದೆಲ್ಲ ಉತ್ತರಪದದಲ್ಲಿ.

೩

'ನೀರಿನ ನಾಯಿ' ಎಂಬ ಅರ್ಥ ಎಲ್ಲಿಂದ ಬಂದಿತು? ಶೋಲೋತ್ಲ್ ಎಂಬುದು ಆಜ್ಟೆಕರ ಒಬ್ಬ ದೇವತೆಯ ಹೆಸರು. ಬೋರ್ಜಿಯಾ ಹಸ್ತಪ್ರತಿಯೇ ಮೊದಲಾದ ಚಿತ್ರಲಿಖಿತ ಗ್ರಂಥಗಳಲ್ಲಿ ಈ ದೇವತೆಗೆ ನಾಯಿಯ ತಲೆಯಿದೆ. ಸತ್ತವರನ್ನು ಪರಲೋಕದ ನದಿಯಾಚೆಗೆ ದಾಟಿಸುವುದು ನಾಯಿಯೆಂಬ ನಂಬಿಕೆಯೂ ಅವರಲ್ಲಿದ್ದಿತು. ಇದಲ್ಲದೆ 'ಶೋಲೋಇತ್ಸ್ಕ್ವಿಂತ್ಲಿ' ಎಂಬುದು ಮೆಕ್ಸಿಕೋವಿನ ಒಂದು ಜಾತಿಯ ನಾಯಿಯ ಹೆಸರು. ಇವುಗಳನ್ನೆಲ್ಲ ಕೂಡಿಸಿ ಶೋಲೋತ್ಲ್ ಎಂದರೆ ನಾಯಿ, ಆದುದರಿಂದ ಆಶೋಲೋತ್ಲ್ ಎಂದರೆ ನೀರುನಾಯಿ, ಎಂದು ನಿರ್ಣಯಿಸಿದಂತೆ ತೋರುವುದು.

ಈ ತರ್ಕಕ್ಕೆ ಮೂರು ಬಾಧಕಗಳಿವೆ. ಮೊದಲನೆಯದಾಗಿ, ನಾವತ್ಲಿನಲ್ಲಿ ನಾಯಿಗೆ ಬಳಕೆಯಲ್ಲಿದ್ದ ಹೆಸರುಗಳು 'ಇತ್ಸ್ಕ್ವಿಂತ್ಲಿ' ಮತ್ತು 'ಚಿಚಿ' ಎಂಬುವು. 'ಶೋಲೋತ್ಲ್' ಎಂಬ ಒಂಟಿ ಶಬ್ದವು ನಾಯಿ ಎಂಬ ಅರ್ಥದಲ್ಲಿ ಹಳೆಯ ಕೋಶಗಳಲ್ಲಿ ಕಾಣುವುದಿಲ್ಲ. ದೇವತೆಯ ತಲೆ ನಾಯಿಯದಾದ ಮಾತ್ರಕ್ಕೆ ದೇವತೆಯ ಹೆಸರಿಗೆ ನಾಯಿಯೆಂದು ಅರ್ಥ ಬರಲಾರದು. ಗಜಮುಖನಾದ ಗಣಪತಿಯ ಹೆಸರಿಗೆ ಆನೆ ಎಂಬ ಅರ್ಥವನ್ನು ಯಾರೂ ಹೇಳುವುದಿಲ್ಲ.

ಎರಡನೆಯದಾಗಿ, ಶೋಲೋಇತ್ಸ್ಕ್ವಿಂತ್ಲಿ ಎಂಬ ಸಮಾಸದಲ್ಲಿ ನಾಯಿ ಎಂಬ ಅರ್ಥವನ್ನು ಕೊಡುವುದು ಉತ್ತರಪದವಾದ ಇತ್ಸ್ಕ್ವಿಂತ್ಲಿ. ಪೂರ್ವಪದಕ್ಕೂ ಅದೇ ಅರ್ಥವಿದ್ದರೆ ಇಡಿಯ ಶಬ್ದಕ್ಕೆ 'ನಾಯಿನಾಯಿ' ಎಂದಾಗಬೇಕು. ಅದು ಅಸಂಗತ. ಶೋಲೋ ಎಂಬುದು ಇಲ್ಲಿ ಒಂದು ಬಗೆಯ ನಾಯಿಯನ್ನು ಉಳಿದ ನಾಯಿಗಳಿಂದ ಬೇರ್ಪಡಿಸುವ ವಿಶೇಷಣವೆಂಬುದು ಸ್ಪಷ್ಟ.

ಮೂರನೆಯದು ಎಲ್ಲಕ್ಕಿಂತ ಬಲವಾದ ಬಾಧಕ. 'ನೀರುನಾಯಿ' ಎಂಬ ಸಮಾಸವು ನಾವತ್ಲಿನಲ್ಲಿ ಬೇರೆಯಾಗಿಯೇ ಇದೆ. 'ಆತ್ಲ್' ಮತ್ತು 'ಇತ್ಸ್ಕ್ವಿಂತ್ಲಿ' ಸೇರಿ ಆದ 'ಆಇತ್ಸ್ಕ್ವಿಂತ್ಲಿ' ಎಂಬ ಶಬ್ದವು ಕೋಶಗಳಲ್ಲಿ ದಾಖಲಾಗಿದೆ. ಅದು ಹೊಳೆಯಲ್ಲಿ ಮೀನು ಹಿಡಿದು ತಿನ್ನುವ, ನಾವೂ ಕನ್ನಡದಲ್ಲಿ ನೀರುನಾಯಿ ಎಂದೇ ಕರೆಯುವ ಪ್ರಾಣಿಗೆ ಸಲ್ಲುವ ಹೆಸರು. ಮೆಕ್ಸಿಕೋವಿನ ಸ್ಪ್ಯಾನಿಷಿನಲ್ಲಿಯೂ ಆ ಪ್ರಾಣಿಗೆ ನೀರಿನ ನಾಯಿ ಎಂಬರ್ಥದ ಹೆಸರೇ ಇದೆ. ಸಂಬಂಧವೇ ಇಲ್ಲದ ಎರಡು ಭಾಷೆಗಳು ಒಂದೇ ಪ್ರಾಣಿಯನ್ನು ಕಂಡು ಒಂದೇ ಬಗೆಯ ಸಮಾಸವನ್ನು ಕಟ್ಟಿರುವುದು ಗಮನಿಸತಕ್ಕ ಸಂಗತಿ. ಹಾಗೆಯೇ 'ಕ್ವೆತ್ಸ್ಪಲಿನ್' ಎಂದರೆ ಓತಿ. 'ಆಕ್ವೆತ್ಸ್ಪಲಿನ್', ಅರ್ಥಾತ್ ನೀರೋತಿ, ಎಂದರೆ ಮೊಸಳೆಯ ಜಾತಿಯ ಒಂದು ಪ್ರಾಣಿ. ಇಂತಹ ಸಮಾಸಗಳಲ್ಲಿ ಉತ್ತರಪದವು ಎಲ್ಲರೂ ಬಲ್ಲ ಒಂದು ನೆಲದ ಪ್ರಾಣಿಯ ಹೆಸರಾಗಿರುತ್ತದೆ. ನೀರುನಾಯಿ, ನೀರೋತಿ ಎಂಬ ಹೆಸರುಗಳೆರಡೂ ಬೇರೆ ಪ್ರಾಣಿಗಳಿಗೆ ಸಂದುಹೋದುವು. ಯಾವ ನೆಲದ ಪ್ರಾಣಿಗೂ ಸರಿಹೋಲದ ಈ ಕಿವಿರುಗಾರನಿಗೆ ಜನರು ಹೋಲಿಕೆಯ ಮಾತನ್ನು ಬಿಟ್ಟು ಬೇರೊಂದು ಮಾತನ್ನು ಹುಡುಕಿದರು. ಆ ಮಾತು ಶೋಲೋತ್ಲ್.

೪

ಹಾಗಾದರೆ ಅದರ ಅರ್ಥವೇನು? ಒಂದು ಶಬ್ದವನ್ನು ಅದರ ಒಂದೇ ಒಂದು ಪ್ರಯೋಗದಿಂದ ವಿವರಿಸಹೊರಟರೆ ಕಲ್ಪನೆಗೆ ಕಡಿವಾಣವಿರದು. ಅದೇ ಪದವು ಬರುವ ಎಲ್ಲ ಎಡೆಗಳನ್ನೂ ಒಟ್ಟುಗೂಡಿಸಿ, ಎಲ್ಲದಕ್ಕೂ ಹೊಂದುವ ಅರ್ಥವನ್ನು ಅರಸುವುದೇ ಸರಿಯಾದ ಮಾರ್ಗ. ಅಂತಹ ಎಡೆಗಳು ನಮಗೆ ಆರು ದೊರೆಯುತ್ತವೆ.

(ಅ) ಬರಿಯ 'ಶೋಲೋತ್ಲ್': ಒಂದೇ ಬುಡದಿಂದ ಎರಡಾಗಿ ಕವಲೊಡೆದು ಬೆಳೆದ ಮುಸುಕಿನ ಜೋಳದ ದಂಟು.

(ಆ) 'ಮೆಶೋಲೋತ್ಲ್': 'ಮೆತ್ಲ್' ಎಂದರೆ ಕತ್ತಾಳೆ. ಎರಡು ಮೈ ಕೂಡಿಕೊಂಡು ಬೆಳೆದ ಕತ್ತಾಳೆಗೆ ಈ ಹೆಸರು.

(ಇ) 'ಶೋಲೋಇತ್ಸ್ಕ್ವಿಂತ್ಲಿ': ಮೈಮೇಲೆ ಕೂದಲಿಲ್ಲದ ನಾಯಿ. ಬರ್ನಾರ್ಡೀನೊ ದೆ ಸಾಹಗುನ್ ಎಂಬ ಸ್ಪ್ಯಾನಿಷ್ ಪಾದ್ರಿಯು, ಈ ನಾಯಿಗೆ ಕೂದಲಿಲ್ಲದ್ದರಿಂದ ರಾತ್ರಿ ಹೊತ್ತು ಬಟ್ಟೆ ಹೊದಿಸುತ್ತಿದ್ದರೆಂದು ಬರೆದಿದ್ದಾನೆ. ಈ ಜಾತಿಯಲ್ಲಿ ಒಂದೇ ಸೂಲಿನಲ್ಲಿ ಕೂದಲುಳ್ಳ ಮರಿಗಳೂ ಕೂದಲಿಲ್ಲದ ಮರಿಗಳೂ ಹುಟ್ಟುವುದುಂಟು. ಕೂದಲಿಲ್ಲದವಕ್ಕೆ ಹಲ್ಲುಗಳೂ ಕೆಲವು ಕಡಮೆಯಾಗಿರುತ್ತವೆ.

(ಈ) 'ವೆಶೋಲೋತ್ಲ್': ಟರ್ಕಿಕೋಳಿಯ ಹುಂಜ. ಇದರ ಪೂರ್ವಪದವನ್ನು ದೊಡ್ಡದು ಎಂಬರ್ಥದ ಶಬ್ದಕ್ಕೆ ಸಂಬಂಧಿಸುವುದು ವಾಡಿಕೆ. ಹೇಂಟೆಗೆ ಈ ಹೆಸರಿಲ್ಲ, ಅದನ್ನು 'ತೋತೋಲಿನ್' ಎನ್ನುತ್ತಾರೆ. ಬೋಳುತಲೆ, ಕೊಕ್ಕಿನ ಮೇಲೆ ಜೋಲುವ ಮಾಂಸಖಂಡ, ಗಂಟಲಿನ ಕೆಂಪು ಜೋಲುಚರ್ಮ ಇವು ಹುಂಜದಲ್ಲಿ ಎದ್ದುಕಾಣುತ್ತವೆ ಎಂಬುದನ್ನು ಲಕ್ಷ್ಯದಲ್ಲಿಡಬೇಕು.

(ಉ) 'ತೆಶೋಲೋತ್ಲ್': 'ತೆತ್ಲ್' ಎಂದರೆ ಕಲ್ಲು. ಕಲ್ಲಿನ ಬಟ್ಟಲಿನಲ್ಲಿ ಮೆಣಸಿನಕಾಯಿ ಮೊದಲಾದುವನ್ನು ಅರೆಯುವ ಮೋಟಾದ ಗುಂಡುಕಲ್ಲು ಇದು.

(ಊ) ನಮ್ಮ 'ಆಶೋಲೋತ್ಲ್'.

ಈ ಆರರಲ್ಲಿ ನಾಯಿ ಎಂಬ ಅರ್ಥವು ಒಂದೆಡೆಯೂ ಹೊಂದುವುದಿಲ್ಲ. ಜೋಳದ ದಂಟಿಗೂ ಗುಂಡುಕಲ್ಲಿಗೂ ನಾಯಿಗೂ ಏನು ಸಂಬಂಧ? ಭಯಂಕರವಾದ ರಾಕ್ಷಸ ಎಂಬ ಅರ್ಥವೂ ಅಷ್ಟೇ ದೂರ. ಹೊಲದ ಜೋಳಕ್ಕಾಗಲಿ ಅಂಗಳದ ಕೋಳಿಗಾಗಲಿ ಯಾರೂ ಹೆದರುವುದಿಲ್ಲ. ಜರ್ಮನ್ ವಿದ್ವಾಂಸನಾದ ಎಡ್ವರ್ಡ್ ಝೇಲರ್‌ನು (೧೮೪೯–೧೯೨೨) ಶೋಲೋತ್ಲ್ ದೇವತೆಯನ್ನು ಅವಳಿಗಳಿಗೂ ವಿಕೃತಜನ್ಮಗಳಿಗೂ ಅಧಿದೇವತೆಯೆಂದು ವಿವರಿಸಿದನು. ಅವನ ಈ ಮಾತಿನಲ್ಲಿ ದಾರಿಯ ಗುರುತಿದೆ. ಒಂದಾಗಿ ಹುಟ್ಟಬೇಕಾದುದು ಎರಡಾಗಿ ಹುಟ್ಟಿದರೆ ಅದು ಶೋಲೋತ್ಲ್. ಕೂದಲಿರಬೇಕಾದ ಪ್ರಾಣಿಗೆ ಕೂದಲಿಲ್ಲದಿದ್ದರೆ ಅದು ಶೋಲೋ. ಗರಿಯಿರಬೇಕಾದ ತಲೆಯಲ್ಲಿ ಮಾಂಸದ ಜೋಲು ಇದ್ದರೆ ಅದು ಶೋಲೋತ್ಲ್. ತನ್ನ ಜಾತಿಗೆ ಸಹಜವಾದ ರೂಪವನ್ನು ಬಿಟ್ಟು ಬೇರೆಯಾಗಿ ತೋರುವುದು ಎಂಬುದೇ ಈ ಪ್ರಯೋಗಗಳ ಸಾಮಾನ್ಯಧರ್ಮ. ಅವಳಿತನವು ಇದರ ಒಂದು ಮುಖ, ವಿರೂಪತೆಯು ಇನ್ನೊಂದು ಮುಖ.

ಅವಳಿಗಳ ವಿಷಯದಲ್ಲಿ ಇನ್ನೊಂದು ಶಬ್ದವೂ ಸಾಕ್ಷಿಯಾಗಿದೆ. 'ಕೋಆತ್ಲ್' ಎಂದರೆ ಹಾವು. ಅದಕ್ಕೆ ಅವಳಿ ಎಂಬ ಅರ್ಥವೂ ಉಂಟು. ಮೆಕ್ಸಿಕೋವಿನ ಸ್ಪ್ಯಾನಿಷಿನಲ್ಲಿ ಅವಳಿಗೂ, ಬರಬರುತ್ತ ಆಪ್ತಮಿತ್ರನಿಗೂ, ಸಲ್ಲುವ 'ಕುವಾತೆ' ಎಂಬ ಮಾತು ಇದರಿಂದಲೇ ಬಂದುದು. ಗರಿಹಾವಿನ ರೂಪದವನಾದ ಕೆತ್ಸಾಲ್ಕೋಆತ್ಲ್ ದೇವನಿಗೆ ಶೋಲೋತ್ಲ್ ಅವಳಿಯೆಂದು ಪರಿಗಣಿತನಾಗಿರುವುದು ಇಲ್ಲಿ ಅರ್ಥವತ್ತಾಗಿದೆ.

೫

ಶೋಲೋತ್ಲ್ ಶಬ್ದಕ್ಕೆ ಕೋಶದಲ್ಲಿ ಕಾಣುವ ಇನ್ನೊಂದು ಅರ್ಥವನ್ನು ಈಗ ಪರಿಶೀಲಿಸಬೇಕು. ಫ್ರಾನ್ಸಿಸ್ಕನ್ ಪಂಥದ ಪಾದ್ರಿ ಆಲೋನ್ಸೊ ದೆ ಮೋಲಿನಾ ಎಂಬವನು ೧೫೭೧ರಲ್ಲಿ ಪ್ರಕಟಿಸಿದ ಹೆಸರಾಂತ ನಿಘಂಟಿನಲ್ಲಿ 'ಶೋಲೋ' ಎಂಬುದಕ್ಕೆ ಪರಿಚಾರಕ, ಊಳಿಗದ ಹುಡುಗ, ಆಳು ಎಂದು ಅರ್ಥ ಕೊಟ್ಟಿದ್ದಾನೆ. ಅವಳಿಗೂ ವಿರೂಪಕ್ಕೂ ಊಳಿಗಕ್ಕೂ ಏನು ನಂಟು ಎಂಬ ಪ್ರಶ್ನೆ ಏಳುವುದು ಸಹಜ.

ಇದಕ್ಕೆ ಆಜ್ಟೆಕರ ಅರಮನೆಯ ವ್ಯವಸ್ಥೆಯೇ ಉತ್ತರವನ್ನು ಸೂಚಿಸುತ್ತದೆ. ಮೋತೆಕುಸೋಮ ದೊರೆಯು ಊಟಮಾಡುವಾಗ ಗೂನರೂ ಕುಳ್ಳರೂ ಅವನ ಬಳಿಯಲ್ಲಿದ್ದು ವಿನೋದಪಡಿಸುತ್ತಿದ್ದರೆಂದು ಕಣ್ಣಾರೆ ಕಂಡ ಸೈನಿಕ ಬರ್ನಾಲ್ ದೀಆಸ್‌ನು ಬರೆದಿಟ್ಟಿದ್ದಾನೆ. ವಿಕೃತಾಂಗರು ಅರಸನ ಸನ್ನಿಧಿಯಲ್ಲಿ ಪರಿಚಾರಕರಾಗಿರುತ್ತಿದ್ದುದರಿಂದ, ಅವರಿಗೆ ಸಲ್ಲುತ್ತಿದ್ದ ಹೆಸರು ಕ್ರಮವಾಗಿ ಪರಿಚಾರಕರಿಗೆಲ್ಲ ಸಂದಿತೆಂದು ಊಹಿಸುವುದು ಯುಕ್ತವಾಗಿದೆ. ನಮ್ಮ ಕಾವ್ಯಗಳ ಅಂತಃಪುರವರ್ಣನೆಗಳಲ್ಲಿ ಕುಬ್ಜವಾಮನಕಿರಾತರೆಂದು ಒಂದೇ ಉಸಿರಿನಲ್ಲಿ ಹೇಳಲ್ಪಡುವ ಪರಿವಾರವನ್ನು ಬಲ್ಲ ಓದುಗರಿಗೆ ಈ ಅರ್ಥಸಂಕ್ರಮಣವು ವಿಚಿತ್ರವೆನಿಸಲಾರದು. ಗುಂಡುಕಲ್ಲಿಗೆ ತೆಶೋಲೋತ್ಲ್ ಎಂಬ ಹೆಸರು ಅದರ ಮೋಟಾದ ಆಕಾರದಿಂದಲೂ ಬಂದಿರಬಹುದು, ಅರೆಯುವ ಬಟ್ಟಲಿಗೆ ಅದು ಊಳಿಗದವನಂತಿರುವುದರಿಂದಲೂ ಬಂದಿರಬಹುದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ನಾವು ಹೇಳಿದ ಅರ್ಥಪರಂಪರೆಗೆ ವಿರೋಧವಿಲ್ಲ.

ಈ ವಿನೋದದ ಎಳೆಯು ನಮ್ಮ ಪ್ರಾಣಿಯ ಹೆಸರಿನಲ್ಲಿಯೂ ಕೇಳಿಸುತ್ತಿದ್ದಿತೆಂಬುದಕ್ಕೆ ಹಳೆಯ ಸಾಕ್ಷ್ಯವೊಂದಿದೆ. ಸ್ಪೇನಿನ ಅರಸ ಎರಡನೆಯ ಫಿಲಿಪ್ಪನ ವೈದ್ಯನಾಗಿದ್ದ ಫ್ರಾನ್ಸಿಸ್ಕೊ ಹೆರ್ನಾಂದೆಸ್‌ನು ೧೫೭೧ರಿಂದ ೧೫೭೭ರವರೆಗೆ ಮೆಕ್ಸಿಕೋವಿನಲ್ಲಿದ್ದು ಅಲ್ಲಿಯ ಗಿಡಮೂಲಿಕೆಗಳನ್ನೂ ಪ್ರಾಣಿಗಳನ್ನೂ ಸ್ಥಳೀಯರನ್ನು ಕೇಳಿ ವಿವರಿಸಿದನು. ಅವನು ಲ್ಯಾಟಿನಿನಲ್ಲಿ ಆಶೋಲೋತ್ಲ್ ಎಂಬುದಕ್ಕೆ 'ನೀರಿನ ಆಟಿಕೆ' ಅಥವಾ 'ನೀರಿನ ವಿನೋದ' ಎಂಬರ್ಥದ ಮಾತನ್ನು ಕೊಟ್ಟು, ನಗೆ ಬರಿಸುವಂತಹ ಅದರ ವಿಚಿತ್ರಾಕಾರದಿಂದ ಈ ಹೆಸರು ಬಂದಿತೆಂದು ತಿಳಿಸಿದ್ದಾನೆ. ನಾವತ್ಲನ್ನು ಆಡುವವರ ನಡುವೆಯೇ ಇದ್ದು ಬರೆದವನ ಈ ವಿವರಣೆಯಲ್ಲಿ ನಾಯಿಯೂ ಇಲ್ಲ, ರಾಕ್ಷಸನೂ ಇಲ್ಲ. ವಿಚಿತ್ರವಾದ ರೂಪ ಮತ್ತು ಅದನ್ನು ಕಂಡಾಗ ಹುಟ್ಟುವ ನಗೆ, ಇವೆರಡೇ ಇವೆ.

ಈ ಎರಡನ್ನೂ ಒಟ್ಟಿಗೆ ಹೇಳುವ ಮಾತು ಕನ್ನಡದಲ್ಲಿ ಸಿದ್ಧವಾಗಿದೆ. 'ವಿಕಟ' ಎಂಬುದು ಸಂಸ್ಕೃತದಲ್ಲಿ ವಿರೂಪವಾದುದು, ಮಿತಿಮೀರಿದುದು ಎಂಬ ಅರ್ಥದ ಶಬ್ದ. ಕನ್ನಡದಲ್ಲಿ ಅದಕ್ಕೆ ಹಾಸ್ಯದ ಅರ್ಥವೂ ಸೇರಿತೆಂಬುದಕ್ಕೆ 'ವಿಕಟಕವಿ' ಎಂಬ ಮಾತೇ ಪ್ರಮಾಣ. ಆದುದರಿಂದ ಆಶೋಲೋತ್ಲ್ ಎಂಬುದನ್ನು ಕನ್ನಡಕ್ಕೆ ತರಬೇಕಾದವರು 'ಜಲವಿಕಟ' ಎಂದರೆ ಮೂಲಕ್ಕೆ ಹತ್ತಿರವಾಗುತ್ತಾರೆ. 'ಜಲರಾಕ್ಷಸ' ಎಂದರೆ ದೂರವಾಗುತ್ತಾರೆ.

೬

ಇನ್ನು ಪುರಾಣಕಥೆಯ ವಿಷಯ. ಸಾಹಗುನ್‌ನು ೧೫೨೯ರಲ್ಲಿ ಮೆಕ್ಸಿಕೋವನ್ನು ಸೇರಿ, ಸ್ಥಳೀಯ ವೃದ್ಧರನ್ನೂ ವಿದ್ಯಾವಂತರನ್ನೂ ಕೇಳಿ ಬರೆಯಿಸಿದ ಹನ್ನೆರಡು ಪುಸ್ತಕಗಳ ಮಹಾಗ್ರಂಥವು ನಾವತ್ಲ್ ಮತ್ತು ಸ್ಪ್ಯಾನಿಷ್ ಎರಡರಲ್ಲಿಯೂ ಇದೆ. ಅದರ ಪ್ರಸಿದ್ಧ ಹಸ್ತಪ್ರತಿಯು ಫ್ಲಾರೆನ್ಸ್ ನಗರದ ಲಾರೆನ್ಷಿಯನ್ ಪುಸ್ತಕಭಂಡಾರದಲ್ಲಿದೆ. ಅದರ ಏಳನೆಯ ಪುಸ್ತಕದಲ್ಲಿ ಬರುವ ಕಥೆಯ ಸಾರ ಇಷ್ಟು. ತೆಯೋತಿವಾಕಾನ್ ಎಂಬಲ್ಲಿ ಹೊಸ ಸೂರ್ಯನು ಹುಟ್ಟಿದನು, ಆದರೆ ಚಲಿಸಲಿಲ್ಲ. ದೇವತೆಗಳೆಲ್ಲರೂ ಸತ್ತರೆ ಮಾತ್ರ ಅವನು ಚಲಿಸುವನೆಂದು ನಿಶ್ಚಯವಾಯಿತು. ಶೋಲೋತ್ಲನು ಸಾಯಲೊಲ್ಲದೆ, ಕಣ್ಣು ಬಾತುಕೊಳ್ಳುವವರೆಗೆ ಅತ್ತು, ಓಡಿಹೋದನು. ಜೋಳದ ಹೊಲವನ್ನು ಹೊಕ್ಕು ಎರಡು ಕವಲಿನ ದಂಟಾದನು. ಅಲ್ಲಿ ಗುರುತುಸಿಕ್ಕಲು ಕತ್ತಾಳೆಯ ತೋಟವನ್ನು ಹೊಕ್ಕು ಎರಡು ಮೈಯ ಮೆಶೋಲೋತ್ಲ್ ಆದನು. ಅಲ್ಲಿಯೂ ಕಂಡುಹಿಡಿಯಲು ನೀರಿಗಿಳಿದು ಆಶೋಲೋತ್ಲ್ ಆದನು. ಅಲ್ಲಿ ಅವನನ್ನು ಹಿಡಿದು ಕೊಂದರು.

ಕಥೆಯಿಂದ ಹೆಸರುಗಳು ಬಂದುವೋ, ಹೆಸರುಗಳಿಂದ ಕಥೆ ಬಂದಿತೋ? ದೇವತೆಯ ಹೆಸರೇ ಪ್ರಾಣಿಗೆ ಬಂದಿತೆಂದು ಹೇಳುವವರು ಈ ಕಥೆಯನ್ನೇ ಆಧಾರಮಾಡಿಕೊಳ್ಳುತ್ತಾರೆ. ಆದರೆ ಕಥೆಯ ಕಟ್ಟನ್ನು ನೋಡಿದರೆ ವಿಪರ್ಯಾಸವೇ ಸಂಭವನೀಯವಾಗಿ ತೋರುತ್ತದೆ. ಹೊಲ, ತೋಟ, ಕೆರೆ ಎಂಬ ಮೂರು ನಿಲುಗಡೆಗಳಲ್ಲಿ ಪ್ರತಿಯೊಂದರಲ್ಲಿಯೂ ಶೋಲೋತ್ಲ್ ಎಂಬ ಅಂತ್ಯವುಳ್ಳ ಒಂದೊಂದು ಹೆಸರು ಕಾದುನಿಂತಿದೆ. ಬಳಕೆಯಲ್ಲಿದ್ದ ಮೂರು ಶಬ್ದಗಳನ್ನು ಒಂದು ದಾರದಲ್ಲಿ ಪೋಣಿಸಿದಂತೆ ಕಥೆ ರಚಿತವಾಗಿದೆ. ಅಡುಗೆಯ ಗುಂಡುಕಲ್ಲೂ ಅಂಗಳದ ಕೋಳಿಯೂ ಅದೇ ಶಬ್ದವನ್ನು ಹೊತ್ತಿದ್ದರೂ ಕಥೆಯೊಳಗೆ ಸೇರಿಲ್ಲ. ದೇವತೆಯ ಕಥೆಯೇ ಈ ಹೆಸರುಗಳಿಗೆಲ್ಲ ತವರಾಗಿದ್ದಿದ್ದರೆ ಅವುಗಳಿಗೂ ಅಲ್ಲಿ ಸ್ಥಳವಿರಬೇಕಾಗಿತ್ತು. ಸಾಮಾನ್ಯಶಬ್ದವೊಂದು ಮೊದಲು ಇದ್ದು, ಅದರಿಂದ ಒಂದೆಡೆ ದೇವತೆಯ ಹೆಸರೂ ಇನ್ನೊಂದೆಡೆ ವಸ್ತುಗಳ ಹೆಸರೂ ಹುಟ್ಟಿ, ಬಳಿಕ ಕಥೆಯು ಅವುಗಳಲ್ಲಿ ಕೆಲವನ್ನು ಕೂಡಿಸಿತೆಂದು ತಿಳಿಯುವುದು ಯುಕ್ತ.

ಹೆಸರನ್ನು ವಿವರಿಸಲು ಕಥೆ ಹುಟ್ಟುವ ಈ ಮಾರ್ಗವು ನಮಗೆ ಅಪರಿಚಿತವಲ್ಲ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳೆಂಬ ಕಥೆಯಿಂದ ಬೆಂಗಳೂರಿನ ಹೆಸರನ್ನು ಸಾಧಿಸುವುದುಂಟು. ಆದರೆ ಹೊಯ್ಸಳರಿಗಿಂತ ಹಿಂದಿನದಾದ, ಸುಮಾರು ೮೯೦ರ ಬೇಗೂರಿನ ವೀರಗಲ್ಲಿನಲ್ಲಿಯೇ ಆ ಊರಿನ ಹೆಸರು ಕಂಡುಬರುತ್ತದೆ. ಹಾಗೆಂದು ಇಂತಹ ಕಥೆಗಳು ನಿಷ್ಪ್ರಯೋಜಕವಲ್ಲ. ಶಬ್ದದ ಹುಟ್ಟನ್ನು ಅವು ಹೇಳದಿದ್ದರೂ, ಕಥೆ ಕಟ್ಟಿದವರ ಕಿವಿಗೆ ಶಬ್ದವು ಹೇಗೆ ಕೇಳಿಸುತ್ತಿದ್ದಿತೆಂಬುದನ್ನು ತಿಳಿಸುತ್ತವೆ. ಶೋಲೋತ್ಲನು ಹೊಕ್ಕ ದಂಟು ಎರಡಾಗಿದ್ದಿತು, ಕತ್ತಾಳೆ ಎರಡಾಗಿದ್ದಿತು ಎಂದು ಕಥೆಗಾರರು ಎತ್ತಿಹೇಳಿರುವುದು, ಹದಿನಾರನೆಯ ಶತಮಾನದ ನಾವತ್ಲರಿಗೆ ಆ ಶಬ್ದದಲ್ಲಿ ಇಮ್ಮಡಿತನದ ಅರ್ಥವು ಇನ್ನೂ ಜೀವಂತವಾಗಿದ್ದಿತೆಂಬುದಕ್ಕೆ ಬೆಲೆಯುಳ್ಳ ಸಾಕ್ಷ್ಯ.

೭

ಈ ಹೆಸರು ಮುಂದೆ ನಡೆದುಬಂದ ದಾರಿಯನ್ನೂ ಸಂಕ್ಷೇಪವಾಗಿ ನೋಡಬಹುದು. ಹದಿನಾರನೆಯ ಶತಮಾನದ ಸ್ಪ್ಯಾನಿಷ್ ಲಿಪಿಯಲ್ಲಿ ಶಕಾರಕ್ಕೆ ಬಳಸುತ್ತಿದ್ದ ಅಕ್ಷರವನ್ನೇ ಪಾದ್ರಿಗಳು ನಾವತ್ಲಿನ ಶಕಾರಕ್ಕೂ ಬಳಸಿದರು. ಆಮೇಲೆ ಸ್ಪ್ಯಾನಿಷಿನ ಆ ಧ್ವನಿಯೇ ಕಂಠದ ಕಡೆಗೆ ಸರಿದು ಹಕಾರಕ್ಕೆ ಹತ್ತಿರವಾಯಿತು. ಆದುದರಿಂದ ಇಂದಿನ ಮೆಕ್ಸಿಕೋವಿನಲ್ಲಿ ನಮ್ಮ ಪ್ರಾಣಿಯು 'ಅಹೊಲೋತೆ', ಟರ್ಕಿಕೋಳಿಯು 'ಗ್ವಾಹೊಲೋತೆ', ಗುಂಡುಕಲ್ಲು 'ತೆಹೊಲೋತೆ'. ಮೂರರಲ್ಲಿಯೂ ಒಂದೇ ಬಗೆಯ ಮಾರ್ಪಾಡು ನಡೆದಿರುವುದು ಇವು ಒಂದೇ ಶಬ್ದದ ಸಮಾಸಗಳೆಂಬುದನ್ನು ಕಿವಿಗೂ ತಿಳಿಸಿಕೊಡುತ್ತದೆ. ಇಂಗ್ಲಿಷರು ಕಿವಿಯಿಂದ ಕಲಿಯದೆ ಬರೆಹದಿಂದ ಕಲಿತುದರಿಂದ ಅವರ ಬಾಯಲ್ಲಿ ಶಕಾರವು 'ಕ್ಸ' ಎಂದಾಗಿ 'ಆಕ್ಸಲಾಟಲ್' ಎಂಬ ರೂಪ ಹುಟ್ಟಿತು.

೧೭೯೮ರಲ್ಲಿ ಜಾರ್ಜ್ ಷಾ ಎಂಬವನು ಈ ಪ್ರಾಣಿಗೆ ಮೊದಲ ಶಾಸ್ತ್ರೀಯ ನಾಮವನ್ನು ಕೊಟ್ಟಾಗ ಇದು ದೊಡ್ಡದೊಂದು ಗೊದಮೊಟ್ಟೆಯೆಂಬ ಭಾವನೆಯೇ ಇದ್ದಿತು. ೧೮೬೪ರಲ್ಲಿ ಮೆಕ್ಸಿಕೋವಿನಿಂದ ಪ್ಯಾರಿಸ್ಸಿಗೆ ತಂದ ಕೆಲವು ಆಶೋಲೋತ್ಲ್‌ಗಳನ್ನು ಆಗಸ್ಟ್ ದ್ಯುಮೇರಿಲ್ ಎಂಬ ಪ್ರಾಣಿಶಾಸ್ತ್ರಜ್ಞನು ಸಾಕಿದನು. ಅವು ಕಿವಿರುಗಳಿದ್ದ ಮರಿಯ ರೂಪದಲ್ಲಿಯೇ ಮೊಟ್ಟೆಯಿಟ್ಟುವು. ಆ ಮೊಟ್ಟೆಗಳಿಂದ ಬಂದವುಗಳಲ್ಲಿ ಕೆಲವು ೧೮೬೫ರಲ್ಲಿ ಕಿವಿರುಗಳನ್ನು ಕಳೆದುಕೊಂಡು, ನೆಲದ ಮೇಲೆ ವಾಸಿಸುವ ಸಾಲಮಾಂಡರ್‌ಗಳಾಗಿ ಮಾರ್ಪಟ್ಟುವು. ಪ್ರಾಣಿಯು ಬಾಲ್ಯದ ರೂಪವನ್ನು ಬಿಡದೆ ಪ್ರೌಢವಾಗಿ ಸಂತಾನೋತ್ಪತ್ತಿ ಮಾಡಬಲ್ಲುದು, ಅಪರೂಪವಾಗಿ ಮತ್ತೊಂದು ರೂಪವನ್ನೂ ತಾಳಬಲ್ಲುದು ಎಂಬುದು ಹೀಗೆ ತಿಳಿದುಬಂದಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎರಡು ರೂಪಗಳುಳ್ಳ ಪ್ರಾಣಿಗೆ ಇಮ್ಮಡಿ ಎಂಬರ್ಥದ ಹೆಸರಿರುವುದನ್ನೂ, ಸಾಯಲೊಲ್ಲದ ದೇವತೆಯು ಮುಪ್ಪಿನ ರೂಪವನ್ನು ಒಲ್ಲದ ಪ್ರಾಣಿಯಾದುದನ್ನೂ ಕಂಡು, ಆಜ್ಟೆಕರಿಗೆ ಈ ಶಾಸ್ತ್ರವಿಷಯವು ಮೊದಲೇ ಗೊತ್ತಿದ್ದಿತೆಂದು ಹೇಳಲು ಮನಸ್ಸು ತವಕಿಸುತ್ತದೆ. ಆದರೆ ಸಾಹಗುನ್‌ನ ಹನ್ನೊಂದನೆಯ ಪುಸ್ತಕದಲ್ಲಿ ಇದನ್ನು ಓತಿಯಂತೆ ಕೈಕಾಲುಗಳುಳ್ಳ, ದೊರೆಗಳ ಊಟಕ್ಕೆ ಸಲ್ಲುವ ಒಳ್ಳೆಯ ಆಹಾರವೆಂದು ವರ್ಣಿಸಿದೆಯೇ ಹೊರತು ಅದರ ರೂಪಾಂತರದ ಮಾತಿಲ್ಲ. ಹೆಸರಿಟ್ಟವರು ಕಂಡುದು ಕಾಲುಗಳುಳ್ಳ ಮೀನಿನಂತಹ, ಕಿವಿರುಗಳುಳ್ಳ ಓತಿಯಂತಹ ಒಂದು ಪ್ರಾಣಿಯನ್ನು. ಹೆಸರನ್ನು ವಿವರಿಸಲು ಅಷ್ಟೇ ಸಾಕು. ಪೂರ್ವಿಕರು ಹೇಳದ ಶಾಸ್ತ್ರವನ್ನು ಅವರ ಶಬ್ದಗಳೊಳಗೆ ತುಂಬುವುದು ಅವರಿಗೆ ಸಲ್ಲಿಸುವ ಗೌರವವಲ್ಲ. ಅವರು ನಿಜವಾಗಿ ಕಂಡುದನ್ನು ಅದು ಮ‌ರೆಮಾಡುತ್ತದೆ.

೮

ಇದುವರೆಗಿನ ವಿಚಾರದಿಂದ ಹೊರಡುವ ನಿರ್ಣಯಗಳು ಇವು: ಆಶೋಲೋತ್ಲ್ ಎಂಬುದರ ಪೂರ್ವಪದಕ್ಕೆ ನೀರು ಎಂಬ ಅರ್ಥವು ಸಿದ್ಧವಾದುದು. ಉತ್ತರಪದಕ್ಕೆ ನಾಯಿ ಎಂಬ ಅರ್ಥವಿಲ್ಲ. ದೇವತೆಯ ಚಿತ್ರವನ್ನೂ ನಾಯಿಯ ಒಂದು ಜಾತಿಯ ಹೆಸರನ್ನೂ ತಪ್ಪಾಗಿ ಅನ್ವಯಿಸಿದ್ದರಿಂದ ಆ ಅರ್ಥ ಹುಟ್ಟಿತು. ರಾಕ್ಷಸ ಎಂಬುದು ವಿಕೃತಜನ್ಮ ಎಂಬರ್ಥದ ಮಾತನ್ನು ಅತಿಗೊಳಿಸಿದ ಅನುವಾದ. ತನ್ನ ಜಾತಿಯ ರೂಪಕ್ಕೆ ಒಗ್ಗದೆ ಇಮ್ಮಡಿಯಾಗಿಯೋ ವಿಕಟವಾಗಿಯೋ ತೋರುವುದು ಶೋಲೋತ್ಲ್; ನೀರಿನಲ್ಲಿರುವ ಅಂತಹುದು ಆಶೋಲೋತ್ಲ್.

ಚಾಲ್ಕೊ ಸರೋವರವು ಬಹುಮಟ್ಟಿಗೆ ಬತ್ತಿಸಲ್ಪಟ್ಟಿದೆ. ಶೋಚಿಮಿಲ್ಕೊವಿನ ಕಾಲುವೆಗಳಲ್ಲಿ ೧೯೯೮ರಲ್ಲಿ ಚದರ ಕಿಲೋಮೀಟರಿಗೆ ಸುಮಾರು ೬೦೦೦ ಆಶೋಲೋತ್ಲ್‌ಗಳಿದ್ದುವೆಂದು ಎಣಿಕೆಯಾಗಿದ್ದಿತು; ೨೦೧೪ರ ಎಣಿಕೆಯಲ್ಲಿ ಅದು ಸುಮಾರು ೩೬ಕ್ಕೆ ಇಳಿಯಿತು. ಲೋಕದ ಪ್ರಯೋಗಶಾಲೆಗಳಲ್ಲಿಯೂ ಗಾಜಿನ ತೊಟ್ಟಿಗಳಲ್ಲಿಯೂ ಲೆಕ್ಕವಿಲ್ಲದಷ್ಟು ಬೆಳೆಯುತ್ತಿರುವ, ೨೦೨೧ರಲ್ಲಿ ಮೆಕ್ಸಿಕೋವಿನ ಐವತ್ತು ಪೆಸೋ ನೋಟಿನ ಮೇಲೆಯೂ ಅಚ್ಚಾದ ಈ ಪ್ರಾಣಿ, ತನ್ನ ತವರುನೀರಿನಲ್ಲಿ ಅಳಿವಿನ ಅಂಚಿನಲ್ಲಿದೆ. ಕೆರೆಯ ದಡದಲ್ಲಿ ನಿಂತು ಅದನ್ನು ಕಂಡು, ಬೆರಗಾಗಿ, ನಕ್ಕು, ಹೆಸರಿಟ್ಟ ಜನರ ನೋಟವು ನಮಗೆ ಉಳಿದಿರುವುದು ಈ ಒಂದು ಶಬ್ದದಲ್ಲಿ. ಅದನ್ನು ಅವರ ಭಾಷೆಯ ನಿಯಮದಿಂದಲೇ ಅರ್ಥಮಾಡಿಕೊಳ್ಳುವುದು ವ್ಯುತ್ಪತ್ತಿಶಾಸ್ತ್ರದ ಕರ್ತವ್ಯ.